ಮಂಗಳವಾರ ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರು?

ಹೋದ ವರ್ಷ ಆಷಾಢದಲ್ಲಿ ಒಂದು ಮನೆಯ ಮೂವರು ಮಕ್ಕಳು ಒಟ್ಟಿಗೆ ನನ್ನ ಕ್ಲಿನಿಕ್ಕಿಗೆ ಬಂದರು. ಒಟ್ಟಿಗೆ ಅಂದರೆ, ಜಯನಗರದ ಮಗಳು ಕುರ್ಚಿಯಲ್ಲಿ, ನ್ಯೂಜೆರ್ಸಿಯ ಇಬ್ಬರು ಗಂಡುಮಕ್ಕಳು ಅವರ ಫೋನಿನಲ್ಲಿ. ತಂದೆಗೆ ಎಂಬತ್ತನಾಲ್ಕು. ಪ್ರಾಸ್ಟೇಟ್ ತೊಂದರೆಯಿಂದ ರಾತ್ರಿ ನಾಲ್ಕು ಸಲ ಏಳುತ್ತಾರೆ, ಮರೆವು ಶುರುವಾಗಿದೆ. ವೃದ್ಧಾಶ್ರಮ ಗೊತ್ತು ಮಾಡಿದ್ದರು, ಆಷಾಢ ಕಳೆಯಲಿ ಅಂತ ಕಾಯುತ್ತಿದ್ದರು, ನಾನೊಂದು ಸಲ ‘ಹೂಂ’ ಅಂದರೆ ಸಾಕಿತ್ತು. ಫೋಟೋ ತೋರಿಸಿದರು. ತೋಟ, ಲಿಫ್ಟು, ಗಣಪತಿ ಗುಡಿ, ಲೈಬ್ರರಿ, ಕನ್ನಡಿಯ ಹಾಗೆ ಹೊಳೆಯುವ ನೆಲ.

“ರಾತ್ರಿ ಎಷ್ಟು ಜನ ಇರ್ತಾರೆ?” ಅಂತ ಕೇಳಿದೆ.

“ಅರವತ್ತು ಜನ ಇದಾರಂತೆ ಡಾಕ್ಟ್ರೇ, ಅಪ್ಪಾಜಿಗೆ ಒಳ್ಳೆ ಕಂಪನಿ ಆಗುತ್ತೆ.”

“ಅಜ್ಜ-ಅಜ್ಜಿಯರಲ್ಲಮ್ಮ. ನೋಡ್ಕೊಳ್ಳೋರು.”

ಫೋನಿನೊಳಗಿಂದ ದೊಡ್ಡಣ್ಣನ ದನಿ ಬಂತು. “24 ಗಂಟೆ ಕೇರ್ ಅಂತ ಬರೆದಿದಾರಲ್ಲ ಸರ್!”

ಇಪ್ಪತ್ತು ವರ್ಷದಿಂದ ವಯಸ್ಸಾದವರನ್ನೇ ನೋಡುತ್ತಿದ್ದೇನೆ, ಹತ್ತಾರು ಆಶ್ರಮಗಳಿಗೆ ಹೋಗಿಬರುತ್ತೇನೆ. ಈ ಒಂದು ಉತ್ತರ ಕೇಳಿದಾಗೆಲ್ಲ ನನ್ನ ಬಿಪಿ ಏರುತ್ತದೆ. ಗಡಿಯಾರಕ್ಕೆ 24 ಗಂಟೆ ಇರುವುದು ನನಗೂ ಗೊತ್ತು. ನಾನು ಕೇಳಿದ್ದು ತಲೆ ಎಷ್ಟು ಅಂತ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ಎಚ್ಚರವಾಗಿ, ನಿಮ್ಮ ತಂದೆ ಮಲಗುವ ಮಹಡಿಯಲ್ಲೇ, ಅವರನ್ನು ಎತ್ತಿ ಕೂರಿಸಲು ಬರುವವರು ಎಷ್ಟು ಜನ? ವಾಚ್‌ಮನ್‌ನ ಲೆಕ್ಕ ಹಿಡಿಯಬೇಡಿ, ಅವನು ಗೇಟು ಬಿಟ್ಟು ಬರುವ ಹಾಗಿಲ್ಲ. ಅಡುಗೆಯವರು ಅಲ್ಲೇ ಮಲಗುತ್ತಾರೆ, ಆದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟು ಕಲಸಬೇಕಾದವರು. ‘ಒಂದು ಫೋನ್ ಮಾಡಿದ್ರೆ ಬರ್ತಾರೆ’ ಅನ್ನುವ ಸಿಸ್ಟರ್ ಮನೆಯಲ್ಲಿ ನಿದ್ದೆಯಲ್ಲಿರುತ್ತಾರೆ. ಇವರನ್ನೆಲ್ಲ ಕಳೆದ ಮೇಲೆ ಉಳಿಯುವುದೇ ನಿಮಗೆ ಬೇಕಾದ ಸಂಖ್ಯೆ. ಎಷ್ಟೋ ಕಡೆ ಅದು ಒಂದು.

ರಾತ್ರಿಯೇ ಯಾಕೆ ಅಂತ ಕೇಳುತ್ತೀರಿ. ಹಗಲಿಡೀ ಕುರ್ಚಿಯಲ್ಲಿ ಕೂತು ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸು ಸೇರಿ ಮೂತ್ರವಾಗುತ್ತದೆ. ಅವಸರವಾಗುತ್ತದೆ. ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ, ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಂಡಿದ್ದರೆ ಇನ್ನೂ ಕಷ್ಟ. ಮರೆವಿನವರದು ಬೇರೆಯೇ ಕತೆ. ನನಗೆ ಗೊತ್ತಿದ್ದ ಒಬ್ಬ ಮೇಷ್ಟ್ರು ದಿನಾ ರಾತ್ರಿ ಎದ್ದು ಬಲಕ್ಕೆ ತಿರುಗಿ ಗೋಡೆಗೆ ಹಾಯುತ್ತಿದ್ದರು. ಅವರ ಸ್ವಂತ ಮನೆಯಲ್ಲಿ ನಲವತ್ತು ವರ್ಷ ಬಚ್ಚಲು ಬಲಕ್ಕಿತ್ತು. ಆಶ್ರಮದಲ್ಲಿ ಟಾಯ್ಲೆಟ್ ಎಡಕ್ಕೆ. ಆಶ್ರಮದವರು ಬೇರೇನೂ ಮಾಡಲಿಲ್ಲ, ಮಂಚದ ತಲೆದಿಕ್ಕು ಬದಲಿಸಿದರು. ಎದ್ದರೆ ಟಾಯ್ಲೆಟ್ ಬಲಕ್ಕೇ ಸಿಕ್ಕಿತು. ಅದು ಹೊಳೆದದ್ದು ನನಗಲ್ಲ, ರಾತ್ರಿ ಪಾಳಿಯ ಆಯಾಗೆ. ಎಚ್ಚರವಾಗಿದ್ದು ನೋಡಿದವಳು ಅವಳೊಬ್ಬಳೇ.

ಎಲ್ಲ ಕಡೆ ಅಂಥ ಆಯಾ ಇರುವುದಿಲ್ಲ, ಇದ್ದರೂ ಒಬ್ಬಳೇ ಇರುತ್ತಾಳೆ. ಒಂದು ರಾತ್ರಿ ಎರಡೂವರೆಗೆ ಒಂದು ಆಶ್ರಮದಿಂದ ಕರೆ ಬಂತು, ಅಜ್ಜಿ ಬಿದ್ದಿದ್ದಾರೆ ಅಂತ. ನಾನು ಹೋದಾಗ ಗ್ರಿಲ್ ಬಾಗಿಲಿಗೆ ಬೀಗ, ಕೀ ಯಾರ ಹತ್ತಿರ ಅಂತ ವಾಚ್‌ಮನ್‌ಗೇ ಗೊತ್ತಿಲ್ಲ. ಒಳಗೆ ಎರಡು ಮಹಡಿ, ಮೂವತ್ತೊಂದು ಜನ, ಇಪ್ಪತ್ತರ ಆಸುಪಾಸಿನ ಒಬ್ಬಳೇ ಹುಡುಗಿ. ಅಜ್ಜಿಯನ್ನು ಒಬ್ಬಳಿಗೇ ಎತ್ತಲಾಗದೆ, ನೆಲದ ಮೇಲೇ ದಿಂಬು ಕೊಟ್ಟು ಹೊದಿಕೆ ಹೊದಿಸಿ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದಳು. ಮಾಡಬೇಕಾದದ್ದೂ ಅದೇ, ಸೊಂಟದ ಮೂಳೆ ಮುರಿದವರನ್ನು ದರದರ ಎಳೆಯಬಾರದು. ಎಲ್ಲಿಂದಲೋ ರೈಲು ಹತ್ತಿ ಬಂದ ಹುಡುಗಿ. ಅವಳಿಗೆ ಬರುತ್ತಿದ್ದ ಕನ್ನಡ ಐದಾರು ಪದ: ಅಜ್ಜಿ, ಊಟ, ಮಾತ್ರೆ, ನೋವು, ಮಲಗಿ. ಮಂಚದ ಪಕ್ಕ ಕಾಲಿಂಗ್ ಬೆಲ್ ಇತ್ತು. ಅದರ ವೈರನ್ನು ಯಾರೋ ಕಿಟಕಿಯ ಸರಳಿಗೆ ನಾಲ್ಕು ಸುತ್ತು ಸುತ್ತಿಟ್ಟಿದ್ದರು, ಅಜ್ಜಿಯ ಕೈಗೆ ಸಿಗದಷ್ಟು ಮೇಲೆ. ‘ಸುಮ್ನೆ ಸುಮ್ನೆ ಒತ್ತುತಾರೆ’ ಎಂದು ಮಾರನೇ ದಿನ ಮ್ಯಾನೇಜರ್ ಹೇಳಿದರು. ಆ ಹುಡುಗಿಯ ಮೇಲೆ ನನಗೆ ಅವತ್ತೂ ಕೋಪ ಬರಲಿಲ್ಲ, ಇವತ್ತೂ ಇಲ್ಲ.

ಆಮೇಲೆ ಆಂಬುಲೆನ್ಸ್ ಬಂತು. ಜೊತೆಗೆ ಯಾರು ಹೋಗಬೇಕು? ಹುಡುಗಿ ಹೋದರೆ ಉಳಿದ ಮೂವತ್ತು ಜನರನ್ನು ಯಾರು ನೋಡುತ್ತಾರೆ? ಇದನ್ನೂ ಕೇಳಿಕೊಳ್ಳಿ.

ಈಗ ಸ್ವಲ್ಪ ಲೆಕ್ಕ. ಬೇಜಾರಾದರೂ ಓದಿ, ಬಂದವರಿಗೆಲ್ಲ ಇದನ್ನೇ ಚೀಟಿಯ ಹಿಂದೆ ಬರೆದು ತೋರಿಸುತ್ತೇನೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಒರೆಸಿ ಮಲಗಿಸಲು ಇಬ್ಬರಿಗೆ ಹತ್ತು ನಿಮಿಷ. ಅಂಥವರು ಹತ್ತು ಜನ ಇದ್ದರೆ ನೂರು ನಿಮಿಷ. ಎರಡು ಗಂಟೆಯಲ್ಲಿ ಇರುವುದು ನೂರಿಪ್ಪತ್ತು. ಅಂದರೆ ಇಬ್ಬರು ಇಡೀ ರಾತ್ರಿ ಇದೊಂದೇ ಕೆಲಸ ಮಾಡಬೇಕು. ನಡುವೆ ನಿಮ್ಮ ತಂದೆ ನಾಲ್ಕು ಸಲ ಏಳುತ್ತಾರೆ. ಇರುವುದು ಒಬ್ಬಳೇ ಆದರೆ ಏನೋ ಒಂದು ಬಿಟ್ಟುಹೋಗಲೇಬೇಕು. ಅವಳ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಕೈ ಇರುವುದು ಎರಡೇ.

ಕೈ ಸಾಲದ ಕಡೆ ಏನೇನು ನಡೆಯುತ್ತದೆ ಅಂತ ಬಲ್ಲೆ. ನಡೆದಾಡುವವರಿಗೂ ಸಂಜೆ ಏಳಕ್ಕೆ ಡೈಪರ್ ಕಟ್ಟುತ್ತಾರೆ. ಮೂತ್ರದ ಪೈಪ್ ಹಾಕಿಸುತ್ತಾರೆ. ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟುವುದನ್ನೂ ಕಂಡಿದ್ದೇನೆ. ಎಲ್ಲಕ್ಕಿಂತ ಸುಲಭದ್ದು ನಿದ್ದೆ ಬರಿಸುವ ಒಂದು ಚಿಕ್ಕ ಮಾತ್ರೆ. ಮಕ್ಕಳು ಭಾನುವಾರ ಬಂದು ನೋಡಿ ನನಗೆ ಫೋನ್ ಮಾಡುತ್ತಾರೆ: “ಅಮ್ಮ ಈಗ ಎಷ್ಟು ಶಾಂತವಾಗಿದಾರೆ ಗೊತ್ತಾ ಡಾಕ್ಟ್ರೇ, ಮನೇಲಿ ಹಿಂಗಿರ್ಲೇ ಇಲ್ಲ.” ಬೆಳಿಗ್ಗೆ ಹನ್ನೊಂದಕ್ಕೆ ತೂಕಡಿಸುವ ಶಾಂತಿ ನನಗೆ ಇಷ್ಟವಾಗುವುದಿಲ್ಲ. ಮಾತ್ರೆ ಚೀಟಿ ಕೇಳಿ ನೋಡಿ, ಸೇರಿದ ಮೇಲೆ ಹೊಸದೇನು ಬಂದಿದೆ, ಯಾರು ಬರೆದರು, ಯಾಕೆ. ಆದರೆ ಹಾಗಂತ ಓದಿಕೊಂಡು ನೀವೇ ಮಾತ್ರೆ ನಿಲ್ಲಿಸಬೇಡಿ. ಕೆಲವರಿಗೆ ಅದು ನಿಜವಾಗಿಯೂ ಬೇಕಿರುತ್ತದೆ, ಕೆಲವನ್ನು ಒಮ್ಮೆಲೇ ಬಿಟ್ಟರೆ ಅಪಾಯ.

ಹಾಗಾದರೆ ಹೇಗೆ ಕೇಳಬೇಕು? ‘24 ಗಂಟೆ ನೋಡ್ಕೋತೀರಾ?’ ಅಂದರೆ ‘ಹೌದು’ ಅನ್ನುತ್ತಾರೆ. ‘ಹೋದ ಮಂಗಳವಾರ ರಾತ್ರಿ ಡ್ಯೂಟಿಯಲ್ಲಿ ಯಾರಿದ್ರು, ಹೆಸರು ಹೇಳಿ’ ಅನ್ನಿ. ಡ್ಯೂಟಿ ರಿಜಿಸ್ಟರ್ ತೋರಿಸಿ ಅನ್ನಿ. ಒಳ್ಳೆಯ ಜಾಗದಲ್ಲಿ ಹುಡುಕದೆ ತೆಗೆದು ಕೊಡುತ್ತಾರೆ. ಎಷ್ಟು ಜನಕ್ಕೆ ಒಬ್ಬರು ಸಾಕು ಎಂದು ಎಲ್ಲರೂ ಕೇಳುತ್ತಾರೆ. ನಡೆದಾಡುವವರೇ ಇದ್ದರೆ ಹತ್ತು ಹನ್ನೆರಡಕ್ಕೆ ಒಬ್ಬರು ನಿಭಾಯಿಸಬಹುದು, ಹಾಸಿಗೆಯವರಿದ್ದರೆ ಖಂಡಿತ ಸಾಲದು. ಇದು ನನ್ನ ಅಂದಾಜು, ಕಾನೂನಿನ ಅಂಕಿ ಅಂತ ಯಾರ ಮುಂದೂ ಹಿಡಿಯಬೇಡಿ. ಹೇಳದೆ ಕೇಳದೆ ವಾರದ ದಿನ ಸಂಜೆ ಏಳೂವರೆಗೆ ಒಮ್ಮೆ ಹೋಗಿ, ಪಾಳಿ ಬದಲಾಗುವ ಹೊತ್ತು. ಒಳಗೆ ಬಿಡದಿದ್ದರೆ ಜಗಳ ಬೇಡ, ಮಲಗಿದವರ ಮರ್ಯಾದೆಯ ಪ್ರಶ್ನೆಯೂ ಇದೆ. ಯಾಕೆ ಬಿಡಲಿಲ್ಲ, ಹೇಗೆ ಹೇಳಿದರು ಅನ್ನುವುದನ್ನಷ್ಟೇ ಗಮನಿಸಿ. ಊಟದ ಹೊತ್ತೂ ಕೇಳಿ. ಸಿಬ್ಬಂದಿ ಕಮ್ಮಿ ಇರುವ ಕಡೆ ಆರೂವರೆಗೇ ರಾತ್ರಿ ಊಟ ಮುಗಿಯುತ್ತದೆ, ತಿಂಡಿ ಮಾರನೇ ದಿನ ಎಂಟೂವರೆಗೆ. ಹದಿನಾಲ್ಕು ಗಂಟೆ. ಇನ್‌ಸುಲಿನ್ ತಗೊಳ್ಳುವವರಿಗೆ ನಡುರಾತ್ರಿ ಶುಗರ್ ಇಳಿದರೆ ಗುರುತಿಸುವುದಕ್ಕೂ ಒಬ್ಬರು ಎದ್ದಿರಬೇಕಲ್ಲ.

ಡೆಪಾಸಿಟ್, ಕರಾರು ಪತ್ರ, ನೋಂದಣಿ ಇವನ್ನು ನಾನು ಹೇಳಬೇಕಾಗಿಲ್ಲ, ದುಡ್ಡಿನ ವಿಷಯದಲ್ಲಿ ನಮ್ಮ ಜನ ಜಾಣರೇ. ಕಟ್ಟಡಕ್ಕೆ ಮರುಳಾಗುವುದು ದಡ್ಡತನದಿಂದಲ್ಲ, ಅಳುಕಿನಿಂದ ಅನ್ನುವುದೂ ನನಗೆ ಗೊತ್ತು. ಚಿಕ್ಕಮ್ಮ, ದೊಡ್ಡಪ್ಪ ನೋಡಲು ಬಂದಾಗ ‘ಪರವಾಗಿಲ್ಲ, ಒಳ್ಳೆ ಜಾಗದಲ್ಲೇ ಬಿಟ್ಟಿದಾರೆ’ ಅನ್ನಬೇಕಲ್ಲ! ಆ ಗ್ರಾನೈಟ್ ನೆಲ ನೆಂಟರಿಗಾಗಿ. ಒದ್ದೆಯಾದಾಗ ಅದರ ಮೇಲೆ ಜಾರುವವರು ಅಪ್ಪಾಜಿ. ಎಷ್ಟೋ ಮಂದಿ ಏನೋ ಅಪರಾಧ ಮಾಡಿದ ಹಾಗೆ ದನಿ ತಗ್ಗಿಸಿ ಮಾತಾಡುತ್ತಾರೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಶಿಕ್ಷೆ ಹೇಳುವುದು ಹಿರಿಯರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಳ್ಳುವವರಿಗೆ, 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಡಿಕೊಳ್ಳುವ ಜಾಗ ಹುಡುಕಿ ಸೇರಿಸಿ, ಹೋಗಿಬಂದು ಮಾಡುವವರನ್ನು ಯಾವ ಕಾಯ್ದೆಯೂ ಬೈಯುವುದಿಲ್ಲ. ಹಿರಿಯರಿಗೆ ತೊಂದರೆ ಕಂಡರೆ 14567 ಸಹಾಯವಾಣಿ ಇದೆ. ಅದೂ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ನಡುರಾತ್ರಿಗೆ 112, ಇಲ್ಲವೇ ಆಂಬುಲೆನ್ಸಿಗೆ 108.

ಜಯನಗರದ ಮಗಳು ನನ್ನ ಮಾತು ಕೇಳಿ ಐದು ಕಡೆ ಸಂಜೆ ಹೊತ್ತು ಸುತ್ತಿದರು. ಲಿಫ್ಟಿನ ಜಾಗವನ್ನು ಬಿಟ್ಟರು. ಹಳೆಯ ಮನೆಯೊಂದರಲ್ಲಿ ನಡೆಯುವ, ಹದಿನಾಲ್ಕೇ ಜನರ ಒಂದು ಆಶ್ರಮ ಸಿಕ್ಕಿತು. ಕೆಂಪು ರೆಡ್ ಆಕ್ಸೈಡ್ ನೆಲ, ಬಣ್ಣ ಹೋದ ಗೋಡೆ, ರಾತ್ರಿ ಇಬ್ಬರು. ಅಣ್ಣಂದಿರಿಗೆ ಫೋಟೋ ನೋಡಿ ಸಮಾಧಾನವಾಗಲಿಲ್ಲ. ಶ್ರಾವಣದಲ್ಲಿ ಸೇರಿಸಿದರು.

ಮೂರನೇ ತಿಂಗಳಲ್ಲಿ ಅಪ್ಪಾಜಿ ಬಿದ್ದರು. ರಾತ್ರಿ ಇಬ್ಬರಿದ್ದೂ ಬಿದ್ದರು. ಬೀಳುವುದೇ ಇಲ್ಲ ಅಂತ ಯಾವ ಡಾಕ್ಟರೂ ಬರೆದುಕೊಡಲಾರ. ನ್ಯೂಜೆರ್ಸಿಯಲ್ಲಿ ಆಗ ಸಂಜೆ, ದೊಡ್ಡಣ್ಣ ನನಗೇ ಫೋನ್ ಮಾಡಿ ಕೂಗಾಡಿದರು. ನೀವೇ ಅಲ್ವಾ ಸರ್ ಹೇಳಿದ್ದು, ಇದೇನಾ ಸೇಫ್ ಜಾಗ. ಹಣೆಗೆ ಎರಡು ಹೊಲಿಗೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದುದರಿಂದ ಸ್ಕ್ಯಾನ್ ಮಾಡಿಸಿದೆವು, ತಲೆಯೊಳಗೆ ಏನೂ ಆಗಿರಲಿಲ್ಲ. ಮಾರನೇ ದಿನ ಆಶ್ರಮಕ್ಕೆ ಹೋದಾಗ ರಿಜಿಸ್ಟರ್ ತೆಗೆಸಿದೆ. ಉದ್ದ ನೋಟ್‌ಬುಕ್ಕು, ಪೆನ್ಸಿಲಿನ ಗೆರೆ, ಮೂರನೇ ಕ್ಲಾಸಿನ ಮಗುವಿನಂಥ ಅಕ್ಷರ. ಫೋಟೋ ತೆಗೆದು ದೊಡ್ಡಣ್ಣನಿಗೆ ಕಳಿಸಿದೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.

“3-10 ಅಜ್ಜ ಬಾತ್ರೂಮ್ ಹತ್ರ ಬಿದ್ರು. 3-12 ಇಬ್ರೂ ಹೋದ್ವಿ. ಹಣೆ ರಕ್ತ, ಬಟ್ಟೆ ಒತ್ತಿ ಇಟ್ವಿ. 3-15 ಡಾಕ್ಟರ್ ಪೋನ್. 3-18 ಮಗಳಿಗೆ ಪೋನ್. 3-45 ಅಂಬುಲೆನ್ಸ್, ಲಕ್ಷ್ಮಿ ಜತೆ ಹೋದ್ಲು. ನಾನು ಇಲ್ಲೇ. 7-30 ವಾಪಸ್ ಬಂದ್ರು. ಕಾಪಿ ಕೇಳಿದ್ರು. ಕೊಟ್ಟೆ. ಸಕ್ರೆ ಕಮ್ಮಿ ಅಂತ ಬೈದ್ರು.”