ಭಾಗವತ ಕೇಳುವ ಪ್ರಶ್ನೆ: ‘ಶಿಕ್ಷಣದಲ್ಲಿ ನಾಟಕ’ ಓದುವವರಿಗೆ

ಬಿ.ಎಡ್‌ನ ಎರಡು ವರ್ಷದ ಪಠ್ಯಕ್ರಮದಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಇರುವುದು ಇ.ಪಿ.ಸಿ. (ವೃತ್ತಿ ಸಾಮರ್ಥ್ಯ ಹೆಚ್ಚಿಸುವ ಕೋರ್ಸ್) 2ರಲ್ಲಿ. ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದು: ನಾಟಕ ಆಡಿಸುವುದು ಬೇರೆ, ನಾಟಕದಿಂದ ಕಲಿಸುವುದು ಬೇರೆ. ಶಾಲೆಯ ಗ್ಯಾದರಿಂಗಿನ (ವಾರ್ಷಿಕೋತ್ಸವದ) ನಾಟಕದಲ್ಲಿ ಎಂಟು ಮಕ್ಕಳು ಬಣ್ಣ ಹಚ್ಚುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ತರಗತಿ ನಾಟಕದಲ್ಲಿ ನೋಡುವವರೇ ಇಲ್ಲ. ನಲವತ್ತು ಮಕ್ಕಳಿದ್ದರೆ ನಲವತ್ತೂ ಮಂದಿ ಪಾತ್ರದೊಳಗೆ. ಬಾಯಿಪಾಠದ ಮಾತಿಲ್ಲ, ಪರದೆ ಇಲ್ಲ, ತಾಲೀಮೂ ಇಲ್ಲ.

ಇಸವಿಗಳು ಪರೀಕ್ಷೆಗೆ ಇಷ್ಟು ಸಾಕು. 1965ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ ಶಾಲೆಗಳಿಗೆ ನಾಟಕ ತಂಡ ಕಳಿಸಿತು. ಥಿಯೇಟರ್ ಇನ್ ಎಜುಕೇಶನ್ (ಟಿ.ಐ.ಇ.) ಎಂಬ ಹೆಸರು ಅಲ್ಲಿಂದ ಬಂತು. ರಾಷ್ಟ್ರೀಯ ನಾಟಕ ಶಾಲೆಯ ಟಿ.ಐ.ಇ. ತಂಡ ಶುರುವಾದದ್ದು 1989ರಲ್ಲಿ. ಶಿಕ್ಷಕರು ತಾವೇ ಒಂದು ಪಾತ್ರ ಹೊತ್ತು ಪಾಠ ನಡೆಸುವ ಪದ್ಧತಿಯನ್ನು ಬೆಳೆಸಿದವರು ಡೊರೊಥಿ ಹೀತ್‌ಕೋಟ್ (1926–2011).

ಇನ್ನು ಎಲ್ಲರೂ ಎಡವುವ ಜಾಗ: ಹಾಟ್ ಸೀಟಿಂಗ್. ಪಾತ್ರವನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವುದು ಎಂದಷ್ಟೇ ಪುಸ್ತಕದಲ್ಲಿ ಇರುತ್ತದೆ. ಎಂಥ ಪ್ರಶ್ನೆ ಎಂಬುದು ಇರುವುದಿಲ್ಲ. ಅದಕ್ಕೆ ಶ್ರೀಕೃಷ್ಣ ಪಾರಿಜಾತ ನೋಡಿದರೆ ಸಾಕು. ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಬಯಲಾಟ ಅದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಗಿದೆ, ಸತ್ಯಭಾಮೆ ಸಿಟ್ಟಿನಲ್ಲಿದ್ದಾಳೆ. ಹಾಡಿ, ಮಾತಾಡಿಸಿ ಆಟ ನಡೆಸುವ ಭಾಗವತನಿಗೆ ಕಥೆಯೆಲ್ಲ ಗೊತ್ತು, ಆದರೂ ಏನೂ ಗೊತ್ತಿಲ್ಲದವನ ಹಾಗೆ ಕೇಳುತ್ತಾನೆ: ನೀವು ಯಾರು, ಯಾಕೆ ಬಂದಿರಿ, ಮುಖ ಯಾಕೆ ಬಾಡಿದೆ? ಅವನು ಕೇಳುವುದು ಭಾಮೆಯನ್ನು, ಭಾಮೆಯ ವೇಷ ಹಾಕಿದ ಕಲಾವಿದೆಯನ್ನಲ್ಲ. ಹಾಟ್ ಸೀಟಿಂಗ್‌ನ ಜೀವ ಇರುವುದು ಇಲ್ಲೇ: ಪ್ರಶ್ನೆ ಪಾತ್ರಕ್ಕೆ ಹೋಗಬೇಕು, ವಿದ್ಯಾರ್ಥಿಗೆ ಹೋಗಬಾರದು.

ಒಂದು ಪಾಠವನ್ನೇ ಹಿಡಿದು ನೋಡೋಣ. ವಿಷಯ: ಆಲಮಟ್ಟಿ ಜಲಾಶಯ ಮತ್ತು ಮುಳುಗಡೆ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯಿರಿ. ಮೊದಲನೆಯದು 519.60 ಮೀಟರ್, ಸಮುದ್ರಮಟ್ಟದಿಂದ ಜಲಾಶಯದ ಈಗಿನ ಪೂರ್ಣ ಮಟ್ಟ. ಎರಡನೆಯದು 524.256 ಮೀಟರ್, ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ. ಎರಡರ ನಡುವಿನ ಜಾಗದಲ್ಲಿ ಒಂದು ಕಲ್ಪಿತ ಊರು ಕಟ್ಟಬೇಕು. ಪ್ರತಿ ಮಗು ತನ್ನ ಮನೆಯ ಜಾಗ ಆರಿಸಿಕೊಂಡು ನಿಲ್ಲುತ್ತದೆ: ಎಂಟು ಎಕರೆ ಒಕ್ಕಲಿಗ, ಹೊಲವೇ ಇಲ್ಲದ ಕೂಲಿ, ಕಿರಾಣಿ ಅಂಗಡಿಯವ, ಮೀನು ಹಿಡಿಯುವವ, ಒಬ್ಬಳೇ ಇರುವ ಮುದುಕಿ. ಶಿಕ್ಷಕರು ಹೆಗಲ ಮೇಲೆ ವಲ್ಲಿ (ಟವೆಲ್) ಹಾಕಿಕೊಂಡ ಕೂಡಲೇ ಪುನರ್ವಸತಿ ಕಚೇರಿಯ ಗುಮಾಸ್ತ. ವಲ್ಲಿ ತೆಗೆದರೆ ಮತ್ತೆ ಶಿಕ್ಷಕ. ಈ ಗುರುತನ್ನು ಶುರುವಿನಲ್ಲೇ ಹೇಳಿಬಿಡಬೇಕು.

ಗುಮಾಸ್ತನೇ ಯಾಕೆ, ಡಿ.ಸಿ. ಯಾಕಲ್ಲ? ಶಿಕ್ಷಕ ಸಾಹೇಬನಾಗಿ ಬಂದರೆ ಮಕ್ಕಳು ಕೈಕಟ್ಟಿ ‘ಹೌದ್ರಿ’ ಎನ್ನುತ್ತಾರೆ, ಪಾಠ ಅಲ್ಲಿಗೇ ನಿಂತಿತು. ‘ಮ್ಯಾಲಿನವ್ರನ್ನ ಕೇಳಿ ಹೇಳ್ತೀನ್ರಿ’ ಎನ್ನುವ ಸಣ್ಣ ನೌಕರನಾದರೆ ವಾದ ಮಾಡುವ ಧೈರ್ಯ ಮಕ್ಕಳಿಗೆ ಬರುತ್ತದೆ. ತಿಳಿದವನ ಜಾಗ ಅವರದಾಗುತ್ತದೆ.

ಈಗ ಮುದುಕಿಯ ಪಾತ್ರದ ಹುಡುಗಿಗೆ ಮೂರು ಬಗೆಯ ಪ್ರಶ್ನೆ ಕೇಳಿ ನೋಡಿ.

‘ಜಲಾಶಯದ ಪೂರ್ಣ ಮಟ್ಟ ಎಷ್ಟು?’ ಇದು ಪರೀಕ್ಷೆಯ ಪ್ರಶ್ನೆ. ಹುಡುಗಿ ತಟ್ಟನೆ ಪಾತ್ರ ಬಿಟ್ಟು ವಿದ್ಯಾರ್ಥಿನಿಯಾಗುತ್ತಾಳೆ, ಉತ್ತರಕ್ಕೆ ಗೆಳತಿಯ ಮುಖ ನೋಡುತ್ತಾಳೆ.

‘ಊರು ಬಿಡುವಾಗ ನಿಮಗೆ ಏನನ್ನಿಸುತ್ತದೆ?’ ಕೇಳಲಿಕ್ಕೆ ಚಂದ, ಉತ್ತರ ಮಾತ್ರ ‘ದುಃಖ ಆಗ್ತದರಿ’ ಎಂಬಲ್ಲಿಗೆ ಮುಗಿಯುತ್ತದೆ. ಮುಂದಿನ ಹತ್ತು ಮಕ್ಕಳೂ ಅದನ್ನೇ ಹೇಳುತ್ತಾರೆ.

‘ಆಯಿ, ಗಾಡಿ ಒಂದ ಐತಿ. ಮನ್ಯಾಗಿಂದ ಮೊದಲ ಏನ್ ಹೇರ್ಲಿರಿ?’ ಇದು ಭಾಗವತನ ಪ್ರಶ್ನೆ. ‘ಬೀಸೋ ಕಲ್ಲ ಹೇರಪಾ, ಅದು ನಮ್ಮತ್ತಿದು’ ಎಂಬಂಥ ಉತ್ತರ ಬಂತೆನ್ನಿ. ಕೂಡಲೇ ಅದರ ಬೆನ್ನು ಹತ್ತಬೇಕು: ‘ಕಲ್ಲ ಭಾಳ ಒಜ್ಜಾ ಅದರಿ, ಅದರ ಬದ್ಲಿ ಜ್ವಾಳದ ಚೀಲಾ ಇಡ್ಲ್ಯಾ?’ ಈಗ ಹುಡುಗಿ ಆರಿಸಲೇಬೇಕು. ದುಃಖವನ್ನು ಹೆಸರು ಹಿಡಿದು ಕೇಳದಿದ್ದರೂ ಅದು ಕಲ್ಲಿನ ಜೊತೆಗೇ ಬಂತು.

ನೆನಪಿಡಲು ಒಂದು ಸುಲಭ ಸೂತ್ರ: ವಸ್ತು, ಕೆಲಸ, ಮನುಷ್ಯ. ಪ್ರಶ್ನೆ ಈ ಮೂರರಲ್ಲಿ ಒಂದನ್ನು ಕೇಳಬೇಕು: ಏನು ಒಯ್ಯುತ್ತೀರಿ, ನಾಳೆ ಬೆಳಗ್ಗೆ ಏನು ಮಾಡುತ್ತೀರಿ, ಮೊದಲು ಯಾರಿಗೆ ಹೇಳುತ್ತೀರಿ. ಭಾವನೆಯನ್ನು ನೇರ ಕೇಳಬಾರದು. ಹೊಲವಿಲ್ಲದ ಕೂಲಿಗೆ ‘ಪರಿಹಾರ ಸಾಕೇ?’ ಎನ್ನುವ ಬದಲು ‘ಒಕ್ಕಲಿಗರ ಹೊಲ ಹೋದ ಮ್ಯಾಲ ನೀವು ಯಾರ ಹೊಲಕ್ಕ ಹೊಕ್ಕೀರಿ?’ ಎಂದರೆ ಪರಿಹಾರವನ್ನು ಭೂಮಿಯ ಲೆಕ್ಕದಲ್ಲಷ್ಟೇ ನೋಡುವುದರ ಕೊರತೆಯನ್ನು ಮಕ್ಕಳೇ ಎತ್ತಿ ಹಿಡಿಯುತ್ತಾರೆ. ಸಮಾಜ ವಿಜ್ಞಾನದ ಪಾಠ ಅದೇ ಅಲ್ಲವೇ?

ಬಾಗಲಕೋಟೆ, ವಿಜಯಪುರದ ತರಗತಿಯಲ್ಲಿ ನಿಜವಾಗಿಯೂ ಮುಳುಗಡೆ ಮನೆತನದ ಮಕ್ಕಳು ಇರುತ್ತಾರೆ. ಅದಕ್ಕೇ ಊರು ಕಲ್ಪಿತ ಇರಬೇಕು. ‘ನಿಮ್ಮ ಮನೆಯದೇ ಹೇಳು’ ಎಂದು ಯಾವ ಮಗುವನ್ನೂ ಒತ್ತಾಯಿಸಬಾರದು.

40 ನಿಮಿಷದ ಹಂಚಿಕೆ: ಊರು ಕಟ್ಟಲು 5, ಪಾತ್ರ ಹಿಡಿಯಲು 5, ಗುಮಾಸ್ತನ ಸಭೆ ಮತ್ತು ಪ್ರಶ್ನೆಗೆ 20, ಪಾತ್ರದಿಂದ ಹೊರಬರಲು 10. ಎಲ್ಲರೂ ಕತ್ತರಿ ಹಾಕುವುದು ಕೊನೆಯ ಹತ್ತಕ್ಕೆ. ಹಾಗಾದರೆ ಒಕ್ಕಲಿಗ ಮತ್ತು ಕೂಲಿಯ ಜಗಳ ಆಟದ ಬಯಲಿನಲ್ಲೂ ಮುಂದುವರಿಯುತ್ತದೆ. ಗೆರೆ ಅಳಿಸಿ, ಮಕ್ಕಳನ್ನು ಅವರವರ ಹೆಸರಿನಿಂದ ಕರೆದು, ಪಾತ್ರ ಒಯ್ದ ವಸ್ತುವಿನ ಬಗ್ಗೆ ಐದು ಸಾಲು ಬರೆಸಿ. ಮೌಲ್ಯಮಾಪನಕ್ಕೂ ಅದೇ ಆಗುತ್ತದೆ.

ತರಗತಿ ಬಿಟ್ಟು ಊರಿನ ಕಡೆಗೆ ಬಂದರೆ, ನಡೆದ ಘಟನೆಯನ್ನೇ ಆಟ ಮಾಡಿ ಊರ ಮುಂದೆ ಇಡುವುದು ನಮಗೆ ಹೊಸದಲ್ಲ. ಬೈಲಹೊಂಗಲ ಕಡೆಯ ಸಂಗ್ಯಾ ಬಾಳ್ಯಾ ಸಣ್ಣಾಟವೇ ಇದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳು ರಾತ್ರಿಯಿಡೀ ತುಂಬಿ ನಡೆಯುತ್ತವೆ. ಬ್ರೆಜಿಲಿನ ಅಗಸ್ತೊ ಬೋಲ್ (1931–2009) ಇಂಥ ಜನಕ್ಕೆ ಇನ್ನೊಂದು ಬಾಗಿಲು ತೆರೆದ: ನೋಡುವವನೇ ಎದ್ದು ಬಂದು ಆಡಬಹುದು. ಅದು ಫೋರಂ ಥಿಯೇಟರ್.

ಹತ್ತು ನಿಮಿಷದ ಆಟ ಸಾಕು. ಏಳನೇತ್ತೆ ಮುಗಿಸಿದ ಹುಡುಗಿಯನ್ನು ಅಪ್ಪ ಸಾಲಿ ಬಿಡಿಸುತ್ತಾನೆ. ಆಟ ಅವಳ ಸೋಲಿನಲ್ಲೇ ಮುಗಿಯಬೇಕು. ಎರಡನೇ ಸಲ ಆಡುವಾಗ ಯಾರಾದರೂ ‘ನಿಲ್ಲಸ್ರಿ’ ಎಂದು ಕೂಗಿ ಹುಡುಗಿಯ ಜಾಗಕ್ಕೆ ಬರಬಹುದು. ಅಪ್ಪನ ಜಾಗಕ್ಕೆ ಬರುವಂತಿಲ್ಲ. ಅಪ್ಪನನ್ನೇ ಒಳ್ಳೆಯವನನ್ನಾಗಿ ಮಾಡಿದರೆ ಹುಡುಗಿ ಏನು ಮಾಡಬಹುದು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ನಡುವೆ ನಿಂತು ಆಟ ನಡೆಸುವವನನ್ನು ಬೋಲ್ ಜೋಕರ್ ಎಂದು ಕರೆದ, ಅವನು ನಮ್ಮ ಭಾಗವತನೇ. ಅವನು ಪರಿಹಾರ ಹೇಳುವುದಿಲ್ಲ, ಜನರತ್ತ ತಿರುಗಿ ‘ಇದು ನಮ್ಮೂರಾಗ ನಡೀತದೇನ್ರಿ?’ ಎಂದು ಕೇಳುತ್ತಾನೆ.

ಇಲ್ಲಿ ಕೆಡುವುದು ಹೆಚ್ಚಾಗಿ ಅಪ್ಪನ ಪಾತ್ರಧಾರಿಯಿಂದ. ಮೊದಲ ಮಾತಿಗೇ ಸೋತರೆ ಆಟ ಸಪ್ಪೆ, ಏನು ಹೇಳಿದರೂ ಸೋಲದಿದ್ದರೆ ಜನ ಎದ್ದು ಹೋಗುತ್ತಾರೆ. ಅವನಿಗೆ ಮುಂಚೆಯೇ ಮೂರು ಅಂಜಿಕೆ ಕೊಟ್ಟಿರಬೇಕು: ಹೈಸ್ಕೂಲಿಗೆ ಬಸ್ಸಿಲ್ಲದ ದಾರಿ, ಮಂದಿಯ ಮಾತು, ಮನೆಗೆಲಸಕ್ಕೆ ಕೈ ಕಡಿಮೆ. ಎದ್ದು ಬಂದವರ ಮಾತು ಇವುಗಳಲ್ಲಿ ಒಂದನ್ನು ಮುಟ್ಟಿದಾಗ ಮಾತ್ರ ಅವನು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅದೂ ಒಂದೇ ಹೆಜ್ಜೆ.