ಎಂಜಿನ್ನಿನೊಳಗೊಬ್ಬ ನೀರುಗಂಟಿ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಡಿಸೆಂಬರ್ ತಿಂಗಳ ಬೆಳಗ್ಗೆ, ಹೊರಗೆಲ್ಲ ಮಂಜು. ಕಾರಿನ ಟೆಂಪರೇಚರ್ ಮುಳ್ಳು ಮೆಲ್ಲಗೆ ಜಾರಿ ತಳ ಮುಟ್ಟಿತು. ಹೀಟರ್ ಗಾಳಿಯೂ ತಣ್ಣಗಾಯಿತು. ಸಂಜೆ ಅದೇ ಘಾಟಿ ಹತ್ತುವಾಗ ಅದೇ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ನಿಂತಿತು. "ಈ ತಿರುವಿನಲ್ಲಿ ಎಲ್ಲರ ಗಾಡಿಯೂ ಕಾಯುತ್ತೆ, ಜಾಗ ಸರಿ ಇಲ್ಲ. ಒಂದು ನಿಂಬೆಹಣ್ಣು ಇಟ್ಟು ಹೋಗೋಣ" ಅಂದರು ಭಾವ.

ಜಾಗದಲ್ಲಿ ಏನೂ ಇಲ್ಲ. ಅಷ್ಟು ಹೊತ್ತು ಎರಡನೇ ಗೇರಿನಲ್ಲೇ ಏರಿ ಬಂದ ಎಂಜಿನ್ನಿನ ಬಿಸಿ ಆ ತಿರುವಿನ ಹೊತ್ತಿಗೆ ಮಿತಿ ಮುಟ್ಟಿರುತ್ತದೆ, ಅಷ್ಟೆ. ಬೆಳಗ್ಗೆ ತಣ್ಣಗಾಗಿದ್ದಕ್ಕೂ ಸಂಜೆ ಕಾದಿದ್ದಕ್ಕೂ ಕಾರಣ ಒಂದೇ. ಹಿಂದಿನ ಬೇಸಿಗೆಯಲ್ಲಿ ಹಾಸನದ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ಥರ್ಮೋಸ್ಟಾಟ್ ತೆಗೆದುಹಾಕಿದ್ದರು. "ಇದು ಚಳಿ ದೇಶದವರಿಗೆ ಸಾರ್, ನಮಗೆ ಬೇಡ. ನೀರು ಫ್ರೀಯಾಗಿ ಓಡಾಡಲಿ" ಅಂದಿದ್ದರು. ಈ ಮಾತು ಎಷ್ಟು ಗ್ಯಾರೇಜುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ನಮ್ಮ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ, ಅಲ್ವಾ? ಯಾವಾಗ ತೂಬು ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಥರ್ಮೋಸ್ಟಾಟ್ ಎಂಜಿನ್ನಿನ ನೀರುಗಂಟಿ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್, ಅಂದರೆ ಬಿಸಿನೀರನ್ನು ಗಾಳಿಗೊಡ್ಡಿ ತಣಿಸುವ ಜಾಲರಿಯ ಕಡೆಯ ಬಾಗಿಲು ಮುಚ್ಚಿರುತ್ತಾನೆ. ನೀರು ಬೈಪಾಸ್ ಎಂಬ ಅಡ್ಡದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತುತ್ತದೆ, ಬೇಗ ಬಿಸಿಯಾಗುತ್ತದೆ. ಬಿಸಿ ಏರಿದ ಮೇಲೆ ಒಂದು ಕೈಯಲ್ಲಿ ರೇಡಿಯೇಟರ್ ಬಾಗಿಲು ತೆಗೆಯುತ್ತಾನೆ, ಇನ್ನೊಂದು ಕೈಯಲ್ಲಿ ಅಡ್ಡದಾರಿ ಮುಚ್ಚುತ್ತಾನೆ. ನನ್ನ ಕಾರಿನಂಥ ಅನೇಕ ಎಂಜಿನ್ನುಗಳಲ್ಲಿ ಈ ಎರಡನೇ ಕೈಯೇ ಮುಖ್ಯ. ನೀರುಗಂಟಿಯನ್ನೇ ಓಡಿಸಿದರೆ ಎರಡೂ ದಾರಿ ಸದಾ ತೆರೆದಿರುತ್ತವೆ. ಇಳಿಜಾರಿನಲ್ಲಿ ಬೇಡದಿದ್ದರೂ ನೀರು ರೇಡಿಯೇಟರಿಗೆ ಹೋಗಿ ಎಂಜಿನ್ ತಣ್ಣಗಾಗುತ್ತದೆ. ಏರಿನಲ್ಲಿ ಒಂದಷ್ಟು ಬಿಸಿನೀರು ರೇಡಿಯೇಟರ್ ನೋಡದೆ ಅಡ್ಡದಾರಿಯಲ್ಲಿ ವಾಪಸ್ ಬರುತ್ತದೆ. ನನ್ನ ಮುಳ್ಳಿನ ಏರಿಳಿತದ ಗುಟ್ಟು ಇದೇ.

ಈ ನೀರುಗಂಟಿಗೆ ಕರೆಂಟ್ ಬೇಡ. ಅವನ ಹೊಟ್ಟೆಯೊಳಗೆ ಒಂದಿಷ್ಟು ಮೇಣ ಇದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. ಗಟ್ಟಿಯಾದಾಗ ನಡುವೆ ಒಂದು ಗುಳಿ ಬಿದ್ದಿರುತ್ತದೆ, ಬಿಸಿಲಿಗಿಟ್ಟರೆ ಎಣ್ಣೆ ಕರಗಿ ಮತ್ತೆ ಮೇಲೇರುತ್ತದೆ. ಅಚ್ಚಿಗೆ ಸುರಿದ ಮೇಣದಬತ್ತಿ ಆರುವಾಗಲೂ ನಡುವೆ ಕುಸಿಯುತ್ತದೆ. ಕರಗಿದಾಗ ಇವಕ್ಕೆಲ್ಲ ಜಾಸ್ತಿ ಜಾಗ ಬೇಕು. ಥರ್ಮೋಸ್ಟಾಟಿನ ಮೇಣವನ್ನು ಹಿತ್ತಾಳೆಯ ಪುಟ್ಟ ಡಬ್ಬಿಯಲ್ಲಿ ಬಿಗಿಯಾಗಿ ತುಂಬಿರುತ್ತಾರೆ. ಶಾಖ ಬೇಗ ಹರಡಲಿ ಎಂದು ತಾಮ್ರದ ಪುಡಿ ಬೆರೆಸುವುದೂ ಉಂಟು. ಮೇಣ ಕರಗಿ ಉಬ್ಬಿದಾಗ ಬೇರೆ ದಾರಿಯಿಲ್ಲದೆ ಒಂದು ಕಡ್ಡಿಯನ್ನು ತಳ್ಳುತ್ತದೆ. ಆ ತಳ್ಳುವಿಕೆಗೇ ಬಾಗಿಲು ತೆರೆಯುತ್ತದೆ. ಆರಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಹೊಸ ಥರ್ಮೋಸ್ಟಾಟ್ ತಂದ ದಿನ ಅದನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟೆ. ಪಕ್ಕದಲ್ಲೊಂದು ಥರ್ಮಾಮೀಟರ್. ಅಂಚಿನಲ್ಲಿ 82 ಎಂದು ಅಚ್ಚೊತ್ತಿತ್ತು. ನೀರು 80 ದಾಟುವವರೆಗೂ ಏನೂ ಇಲ್ಲ. 83ಕ್ಕೆ ಕೂದಲೆಳೆಯಷ್ಟು ಸಂದು ಕಂಡಿತು. 90ರ ಹೊತ್ತಿಗೆ ಕಿರುಬೆರಳ ತುದಿ ತೂರುವಷ್ಟಾಯಿತು. ಒಲೆ ಆರಿಸಿದ ಮೇಲೆ ಅಷ್ಟೇ ನಿಧಾನಕ್ಕೆ ಮುಚ್ಚಿಕೊಂಡಿತು. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಹಳೆಯದನ್ನು ಬಿಸಾಡುವ ಮೊದಲು ಈ ಪರೀಕ್ಷೆ ಮಾಡಲೇಬೇಕು.

ಕಾರಿನ ಚರಿತ್ರೆಯ ಉದ್ದಕ್ಕೂ ನೀರಿನ ಗೋಳೇ. ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದು ನೀರಿನ ಪಾಲು. 1888ರಲ್ಲಿ ಬರ್ತಾ ಬೆಂಜ್ ಗಂಡ ಕಟ್ಟಿದ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು 100 ಕಿಲೋಮೀಟರ್ ದಾರಿ. ನೀರು ಕುದಿದು ಆವಿಯಾಗುತ್ತಲೇ ಎಂಜಿನ್ ತಂಪಾಗಬೇಕಿತ್ತು. ಹಾಗಾಗಿ ದಾರಿಯುದ್ದಕ್ಕೂ ಸಿಕ್ಕ ಕಡೆಯಲ್ಲೆಲ್ಲ ನೀರು ತುಂಬಿಸಿಕೊಳ್ಳುತ್ತಾ ಹೋದರು. 1900ನೇ ಇಸವಿಯ ಕೊನೆಗೆ ಎಂಜಿನಿಯರ್ ವಿಲ್‌ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಅದರಲ್ಲಿ 8,070 ಪುಟ್ಟ ಕೊಳವೆಗಳು! ಮೇಣದ ಥರ್ಮೋಸ್ಟಾಟ್ ಬಂದದ್ದು 1930ರ ದಶಕದಲ್ಲಿ, ಸರ್ಜಿಯಸ್ ವರ್ನೆ ಎಂಬವರಿಂದ.

ಮುಳ್ಳು ಕುಣಿದಾಗಲೆಲ್ಲ ಥರ್ಮೋಸ್ಟಾಟ್ ಮೇಲೇ ತಪ್ಪು ಹೊರಿಸಬೇಡಿ. ಕುಣಿತದ ತಾಳ ನೋಡಿ. ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ನೋಡಿ, ಅದರ ಫ್ಯೂಸು, ರಿಲೇ ನೋಡಿ. ಏರಿನಲ್ಲಿ, ವೇಗದಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿರಬಹುದು, ಪಂಪು ಸೋತಿರಬಹುದು. ಒಂದೇ ಸಮನೆ ಎಗರಿ ಬಿದ್ದರೆ ಒಳಗೆ ಗಾಳಿ ಸೇರಿರಬಹುದು. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ಗುಳ್ಳೆ ಬಂದಾಗ ಒಂದು ಲೆಕ್ಕ, ನೀರು ತಾಗಿದಾಗ ಇನ್ನೊಂದು ಲೆಕ್ಕ ಕೊಡುತ್ತದೆ. ಗಾಳಿ ತೆಗೆದಷ್ಟೂ ಗುಳ್ಳೆ ಬರುತ್ತಿದ್ದು, ಬಿಳಿ ಹೊಗೆಯೂ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಬಿಗಿಹಾಳೆ, ಹೋಗಿರುವ ಅನುಮಾನ. ಆಗ ಗಾಡಿ ಓಡಿಸಲೇಬೇಡಿ.

ರೇಡಿಯೇಟರ್ ಮುಚ್ಚಳವನ್ನೂ ಮರೆಯಬೇಡಿ. ಅದು ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒತ್ತಡ ಹಿಡಿದಿಟ್ಟು, ನೀರು ಸುಮಾರು 120 ಡಿಗ್ರಿವರೆಗೂ ಕುದಿಯದಂತೆ ನೋಡಿಕೊಳ್ಳುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಹಳಸಿದ ಕಾರು ಅಲ್ಲಿಗೆ ಹತ್ತಿದರೆ, ಥರ್ಮೋಸ್ಟಾಟ್ ತೆರೆದು ಕೆಲವೇ ಡಿಗ್ರಿಯಲ್ಲಿ ನೀರು ಕೊತಕೊತ ಎನ್ನುತ್ತದೆ. ಬಿಸಿ ಇರುವಾಗ ಮಾತ್ರ ಆ ಮುಚ್ಚಳ ಮುಟ್ಟಬೇಡಿ. ಒತ್ತಡ ಬಿಟ್ಟ ಕ್ಷಣವೇ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ನಮ್ಮ ಕಾರಿಗೆ ಹೊಸ ಥರ್ಮೋಸ್ಟಾಟ್ ಕೂರಿಸಿದ್ದು ಒಂದು ಭಾನುವಾರ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ ಸ್ಟಾರ್ಟ್ ಮಾಡಿದೆವು. ಗುಳ್ಳೆಗಳು ಬಂದು ಬಂದು ಒಡೆಯುತ್ತಿದ್ದವು. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಇಳಿದಷ್ಟೂ ತುಂಬಿದೆವು. ಭಾವ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಲೇ ಇದ್ದರು. ಹತ್ತು ನಿಮಿಷ ಅದು ಸುಮ್ನೆ ತಣ್ಣಗಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಕೈ ಹಿಂದಕ್ಕೆಳೆದುಕೊಂಡು ಅಂದರು: "ಬಿಟ್ಟ ನೋಡು ನೀರು!"