ಪುಡಿ, ಹಾಲು, ಕುದಿ: ನಮ್ಮ ಟೀ ಹೀಗಾಗಿದ್ದು ಹೇಗೆ

ಡಾರ್ಜಿಲಿಂಗ್‌ಗೆ ಹೋಗಿಬಂದ ಗೆಳೆಯನೊಬ್ಬ ನೂರು ಗ್ರಾಂ ಟೀ ತಂದುಕೊಟ್ಟ. ಪೊಟ್ಟಣ ಬಿಚ್ಚಿದರೆ ಒಳಗೆ ಪುಡಿ ಇರಲಿಲ್ಲ, ಎಲೆ ಇತ್ತು. ಸ್ವಲ್ಪ ಹಸಿರು, ಸ್ವಲ್ಪ ಕಂದು, ಅಲ್ಲಲ್ಲಿ ಬೆಳ್ಳಿ ಬಣ್ಣದ ಕುಡಿ. ದಿನಾ ಮಾಡುವ ಹಾಗೇ ಮಾಡಿದೆ. ಅರ್ಧ ಹಾಲು, ಅರ್ಧ ನೀರು, ಎರಡು ಚಮಚ ಎಲೆ, ಸಕ್ಕರೆ, ಜಜ್ಜಿದ ಶುಂಠಿ. ಮೂರು ಸಲ ಉಕ್ಕು ಬಂತು. ಸೋಸಿದರೆ ಲೋಟಕ್ಕೆ ಇಳಿದದ್ದು ಮಣ್ಣು ಬಣ್ಣದ ಹಾಲು. ಟೀ ರುಚಿ ಇಲ್ಲವೇ ಇಲ್ಲ, ನಾಲಿಗೆಯ ಹಿಂದೆ ಒಂದಿಷ್ಟು ಒಗರು ಮಾತ್ರ. ಆದರೆ ಸೋಸಣಿಗೆಯಲ್ಲಿ ಎಲೆಗಳು ಪೂರ್ತಿ ಬಿಚ್ಚಿಕೊಂಡು ಕೂತಿದ್ದವು. ಎರಡು ಎಲೆ, ನಡುವೆ ಒಂದು ಕುಡಿ. ಎಲೆಯ ಅಂಚಿನ ಗರಗಸದ ಹಲ್ಲೂ ಕಾಣುತ್ತಿತ್ತು. ಅಷ್ಟು ವರ್ಷ ಟೀ ಕುಡಿದಿದ್ದರೂ ಆ ಎಲೆಯ ಆಕಾರವನ್ನು ಕಣ್ಣಾರೆ ನೋಡಿದ್ದು ಅವತ್ತೇ.

ಆಗ ಹುಟ್ಟಿದ ಪ್ರಶ್ನೆ ಇದು. ನಮ್ಮ ಟೀ ಯಾಕೆ ಪುಡಿ? ಅದನ್ನು ಹಾಲಿನಲ್ಲಿ ಕುದಿಸುವುದು ಯಾಕೆ? ಅಜ್ಜಿಯ ಕಾಲದಿಂದ ಹೀಗೇ ನಡೆದುಬಂದಿದೆ ಅನ್ನಿಸುತ್ತೆ, ಅಲ್ವಾ? ಅಜ್ಜಿಯ ಅಜ್ಜಿಯ ಕಾಲಕ್ಕೆ ಹೋದರೆ ನಮ್ಮ ಬಹುಪಾಲು ಮನೆಗಳಲ್ಲಿ ಟೀ ಇರಲೇ ಇಲ್ಲ.

ಮೊದಲು ಗಿಡದ ವಿಷಯ. ಹಸಿರು ಟೀ, ಕಪ್ಪು ಟೀ, ಬಿಳಿ ಟೀ, ಊಲಾಂಗ್ ಎಲ್ಲವೂ ಒಂದೇ ಗಿಡದ ಎಲೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಅದರಲ್ಲಿ ಎರಡು ಮುಖ್ಯ ತಳಿ. ಚೀನಾದ್ದು ಚಿಕ್ಕ ಎಲೆ, ಚಳಿ ತಡೆಯುತ್ತದೆ. ಅಸ್ಸಾಮಿನದು ದೊಡ್ಡ ಎಲೆ, ಬಿಸಿಲು ಮಳೆ ಎರಡೂ ಬೇಕು. ಮಿಕ್ಕ ವ್ಯತ್ಯಾಸವೆಲ್ಲ ಬಹುಮಟ್ಟಿಗೆ ಕಿತ್ತ ಮೇಲೆ ಮನುಷ್ಯ ಮಾಡಿದ್ದು. ಹೆಚ್ಚಿದ ಬದನೆಕಾಯಿಯನ್ನು ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಅದಕ್ಕೇ ನೀರಿಗೆ ಹಾಕುತ್ತೇವೆ. ಟೀ ಎಲೆಯೂ ಹಾಗೇ. ಕಿತ್ತ ಕೂಡಲೇ ಹಬೆಗೆ ಹಿಡಿದರೆ ಅಥವಾ ಬಾಣಲೆಯಲ್ಲಿ ಹುರಿದರೆ ಕಪ್ಪಾಗುವುದು ನಿಲ್ಲುತ್ತದೆ, ಅದು ಹಸಿರು ಟೀ. ಬಾಡಿಸಿ, ಹಿಸುಕಿ, ಗಾಳಿಗೆ ಬಿಟ್ಟು ಪೂರ್ತಿ ಕೆಂಪಾದ ಮೇಲೆ ಒಣಗಿಸಿದರೆ ಕಪ್ಪು ಟೀ. ನಡುವೆ ಎಲ್ಲೋ ನಿಲ್ಲಿಸಿದರೆ ಊಲಾಂಗ್. ಎಳೆಯ ಕುಡಿಯನ್ನು ಹೆಚ್ಚು ಮುಟ್ಟದೆ ಸುಮ್ನೆ ಬಾಡಿಸಿ ಒಣಗಿಸಿದರೆ ಬಿಳಿ ಟೀ. ಕಾರ್ಖಾನೆಯವರು ಈ ಕೆಂಪಾಗುವ ಹಂತಕ್ಕೆ ಈಗಲೂ ಫರ್ಮೆಂಟೇಷನ್ ಅನ್ನುತ್ತಾರೆ. ಆದರೆ ಇದು ಇಡ್ಲಿ ಹಿಟ್ಟು ಹುಳಿ ಬರುವ ಹಾಗಲ್ಲ. ಎಲೆಯೊಳಗಿನ ರಸ ಗಾಳಿಯ ಆಮ್ಲಜನಕಕ್ಕೆ ಸೋಕಿ ಬಣ್ಣ ತಿರುಗುವುದು, ಅಷ್ಟೇ.

ಚೀನಾದಲ್ಲಿ ಟೀ ಮಾಡುವ ರೀತಿ ಎರಡು ಸಲ ಬದಲಾಯಿತು. ಟಾಂಗ್ ಅರಸರ ಕಾಲದಲ್ಲಿ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ತಟ್ಟಿ ಒಣಗಿಸುತ್ತಿದ್ದರು. ಆಮೇಲೆ ಪುಡಿ ಮಾಡಿ ಉಪ್ಪು ಹಾಕಿ ಕುದಿಸುತ್ತಿದ್ದರು. 8ನೇ ಶತಮಾನದಲ್ಲಿ ಟೀ ಬಗ್ಗೆಯೇ ಒಂದು ಗ್ರಂಥ ಬರೆದ ಲು ಯೂ, ಟೀ ಜೊತೆ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರನ್ನು ಬೈದಿದ್ದಾನೆ. ಅದು ಚರಂಡಿ ನೀರಿಗೆ ಸಮ ಅಂತ. ಅಂದರೆ ಶುಂಠಿ ಟೀ ಕುದಿಸುವವರು ಆಗಲೂ ಇದ್ದರು. ಸಾಂಗ್ ಕಾಲದಲ್ಲಿ ನುಣ್ಣನೆ ಪುಡಿಯನ್ನು ಬಟ್ಟಲಲ್ಲೇ ಬಿಸಿನೀರು ಹಾಕಿ ನೊರೆ ಬರುವಂತೆ ಕಡೆಯತೊಡಗಿದರು. ಆ ಪದ್ಧತಿ ಜಪಾನಿಗೆ ಹೋಗಿ ಅಲ್ಲಿ ಮಾಚಾ ಆಗಿ ಉಳಿದಿದೆ. 1391ರಲ್ಲಿ ಮಿಂಗ್ ವಂಶದ ಮೊದಲ ದೊರೆ, ಕಾಣಿಕೆಗೆ ಬಿಲ್ಲೆ ಟೀ ಬೇಡ, ಬಿಡಿ ಎಲೆಯೇ ಸಾಕು ಅಂತ ಆಜ್ಞೆ ಮಾಡಿದ. ಅಲ್ಲಿಂದ ಎಲೆಗೆ ಬಿಸಿನೀರು ಸುರಿದು ನೆನೆಸಿ ಕುಡಿಯುವುದು ಗಟ್ಟಿಯಾಯಿತು.

ಚಹಾ, ಟೀ ಎರಡೂ ಚೀನಾದ ಮಾತುಗಳೇ. ಮಧ್ಯ ಏಷ್ಯಾ, ಪರ್ಷಿಯಾ ದಾರಿಯಲ್ಲಿ ಹೋದದ್ದು ‘ಚಾ’. ಫುಜಿಯನ್ ಕರಾವಳಿಯ ಮಾತಿನಲ್ಲಿ ಅದು ‘ತೆ’. ಡಚ್ಚರು ಅದನ್ನು ಹಡಗಿನಲ್ಲಿ ಯುರೋಪಿಗೆ ಒಯ್ದರು, ಇಂಗ್ಲಿಷರ ಬಾಯಲ್ಲಿ ‘ಟೀ’ ಆಯಿತು. ಬೆಳಗಾವಿ, ಧಾರವಾಡದಲ್ಲಿ ‘ಚಾ ಕುಡೀರಿ’ ಅನ್ನುವುದೂ, ಮೈಸೂರು ಸೀಮೆಯಲ್ಲಿ ‘ಟೀ ತಗೊಳ್ಳಿ’ ಅನ್ನುವುದೂ ಹೀಗೆ ಒಂದೇ ಎಲೆ ಎರಡು ದಾರಿಯಲ್ಲಿ ಬಂದ ಗುರುತು.

ಈಗ ಅಸ್ಸಾಮ್. ಕಥೆ ನಮಗೆ ತಾಗುವುದು ಇಲ್ಲಿಂದಲೇ.

ಬ್ರಿಟಿಷರಿಗೆ ಟೀ ಚಟ ಹತ್ತಿತ್ತು, ಆದರೆ ಟೀ ಇದ್ದದ್ದು ಚೀನಾದಲ್ಲಿ. ಅದಕ್ಕೆ ಬೆಳ್ಳಿ ಕೊಡಬೇಕಿತ್ತು. ಬೆಳ್ಳಿ ಉಳಿಸಲು ಭಾರತದಲ್ಲಿ ಅಫೀಮು ಬೆಳೆಸಿ ಚೀನಾಕ್ಕೆ ಸಾಗಿಸಿದರು. ಅದು 1839ರಲ್ಲಿ ಯುದ್ಧಕ್ಕೇ ಹೋಯಿತು. ಅದಕ್ಕೂ ಮೊದಲೇ ಇನ್ನೊಂದು ಯೋಚನೆ ಶುರುವಾಗಿತ್ತು: ಟೀಯನ್ನೇ ಭಾರತದಲ್ಲಿ ಬೆಳೆಸಿದರೆ? 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚೀನಾ ಏಕಸ್ವಾಮ್ಯ ಹೋಯಿತು. ಮರುವರ್ಷವೇ ಗವರ್ನರ್ ಜನರಲ್ ಬೆಂಟಿಂಕ್ ಟೀ ಸಮಿತಿ ನೇಮಿಸಿದ.

ಸಮಿತಿ ಚೀನಾದಿಂದ ಬೀಜ ತರಿಸಲು ಹೊರಟಿತ್ತು. ಆದರೆ ಗಿಡ ಇಲ್ಲೇ ಇತ್ತು. ಅಸ್ಸಾಮಿನ ಸಿಂಗ್‌ಫೋ ಜನ ಮೊದಲಿಂದಲೂ ಅದನ್ನು ಬಳಸುತ್ತಿದ್ದರು. ಎಲೆಯನ್ನು ಬಾಣಲೆಯಲ್ಲಿ ಹುರಿದು, ಬಿಸಿಲಲ್ಲಿ ಒಣಗಿಸಿ, ಬಿದಿರಿನ ಅಂಡೆಗೆ ಒತ್ತಿ ತುಂಬಿ, ಒಲೆಯ ಹೊಗೆಗೆ ಇಡುತ್ತಾರೆ. ಅದಕ್ಕೆ ಫಲಾಪ್ ಅಂತ ಹೆಸರು. ಈಗಲೂ ಮಾಡುತ್ತಾರೆ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿಗೆ ಈ ಗಿಡದ ಸುಳಿವು ಕೊಟ್ಟವನು ಮಣಿರಾಮ್ ದತ್ತ ಬರುವಾ. ಗಿಡ ತೋರಿಸಿದವನು ಸಿಂಗ್‌ಫೋ ಮುಖಂಡ ಬೀಸಾ ಗಾಮ್. ಎಲೆಯನ್ನು ಕಲ್ಕತ್ತಾಕ್ಕೆ ಕಳಿಸಿದಾಗ ಅಲ್ಲಿನ ಸಸ್ಯತಜ್ಞರು ಇದು ಬರೀ ಕ್ಯಾಮೆಲಿಯಾ, ಟೀ ಅಲ್ಲ ಅಂದರು. ಇದೇ ನಿಜವಾದ ಟೀ ಅಂತ ಒಪ್ಪಲು 1834ರ ಡಿಸೆಂಬರ್ ಬರಬೇಕಾಯಿತು. 1839ರ ಜನವರಿಯಲ್ಲಿ ಅಸ್ಸಾಮ್ ಟೀಯ ಮೊದಲ 8 ಪೆಟ್ಟಿಗೆ ಲಂಡನ್‌ನಲ್ಲಿ ಹರಾಜಾದವು. ಅದೇ ವರ್ಷ ಅಸ್ಸಾಮ್ ಕಂಪನಿ ಹುಟ್ಟಿತು.

ಮಣಿರಾಮ್ ಆ ಕಂಪನಿಯಲ್ಲೇ ದಿವಾನನಾದ. ಕೆಲಸ ಕಲಿತು, ಹೊರಬಂದು, ಜೋರ್ಹಾಟ್ ಬಳಿಯ ಸಿನ್ನಮಾರಾದಲ್ಲಿ ಸ್ವಂತ ತೋಟ ಹಾಕಿದ. ಭಾರತೀಯನೊಬ್ಬನ ಮೊದಲ ಟೀ ತೋಟ ಅದು. 1857ರ ದಂಗೆಯಲ್ಲಿ ಕೈಯಿತ್ತು ಅಂತ 1858ರ ಫೆಬ್ರವರಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ತೋಟ ಹರಾಜಾಗಿ ಬ್ರಿಟಿಷರ ಕೈ ಸೇರಿತು. ಟೀಯನ್ನು ‘ಕಂಡುಹಿಡಿದ’ ಹೆಸರು ಬ್ರೂಸ್‌ಗೆ ಹೋಯಿತು. ನನ್ನ ಮಟ್ಟಿಗೆ ಬೀಸಾ ಗಾಮ್, ಮಣಿರಾಮ್ ಇಬ್ಬರ ಹೆಸರೂ ಶಾಲೆಯ ಮಕ್ಕಳ ಬಾಯಲ್ಲಿ ಇರಬೇಕಿತ್ತು.

ತೋಟದಲ್ಲಿ ದುಡಿದವರ ಕಥೆ ಇನ್ನೂ ಕಠಿಣ. ಛೋಟಾ ನಾಗಪುರದ ಕಡೆಯಿಂದ ಆದಿವಾಸಿಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕರೆತಂದರು. ಒಪ್ಪಂದ ಮುರಿದರೆ ಜೈಲು. 1859ರ ಆ ಕಾನೂನು ರದ್ದಾದದ್ದು 1925ರಲ್ಲಿ. 1921ರ ಮೇ ತಿಂಗಳಲ್ಲಿ ಚರಗೋಲಾ ಕಣಿವೆಯ ಸಾವಿರಾರು ಕೂಲಿಗಳು ಈ ಬಾಳು ಸಾಕು ಅಂತ ಊರಿಗೆ ನಡೆದೇ ಹೊರಟರು. ಚಾಂದಪುರ ರೈಲು ನಿಲ್ದಾಣದಲ್ಲಿ ರಾತ್ರಿ ಮಲಗಿದ್ದವರ ಮೇಲೆ ಗೂರ್ಖಾ ಸೈನಿಕರನ್ನು ಬಿಟ್ಟರು. ಟೀ ಇತಿಹಾಸ ಅಂತ ಬರೀ ಪಿಂಗಾಣಿ ಕಪ್ಪು, ಬೆಟ್ಟದ ಮಂಜು ತೋರಿಸಿ ಮುಗಿಸುವುದು ಸರಿಯಲ್ಲ.

ಇಷ್ಟೆಲ್ಲ ಬೆಳೆದ ಟೀ ಕುಡಿದವರು ಯಾರು? ನಾವಂತೂ ಅಲ್ಲ. ಒಳ್ಳೆಯ ಎಲೆ ಹಡಗು ಹತ್ತುತ್ತಿತ್ತು. ಜರಡಿಯಲ್ಲಿ ಕೆಳಗುಳಿದ ನುಚ್ಚು, ಪುಡಿ ಅಗ್ಗಕ್ಕೆ ಇಲ್ಲೇ ಸಿಗುತ್ತಿತ್ತು. ಬೆಳೆ ಜಾಸ್ತಿಯಾಗಿ ದರ ಇಳಿದಾಗ ತೋಟದ ಮಾಲೀಕರ ಕಣ್ಣು ಭಾರತದ ಕಡೆ ತಿರುಗಿತು. 1903ರಲ್ಲಿ ಟೀ ರಫ್ತಿನ ಮೇಲೆ ಒಂದು ಸೆಸ್ ಹಾಕಿ, ಆ ಹಣವನ್ನು ಪ್ರಚಾರಕ್ಕೆ ಇಟ್ಟರು. 1930ರ ದಶಕದಲ್ಲಿ ಇದು ಜೋರಾಯಿತು. ಸಂತೆ, ಜಾತ್ರೆಗಳಲ್ಲಿ ಪುಕ್ಕಟೆ ಟೀ. ಕಾರ್ಖಾನೆ ಬಾಗಿಲಲ್ಲಿ ಟೀ. ರೈಲು ನಿಲ್ದಾಣದಲ್ಲಿ ಟೀ ಮಾಡುವ ಕ್ರಮ ಬರೆದ ಫಲಕ. ಆ ಫಲಕ ಹೇಳುತ್ತಿದ್ದುದು ಇಂಗ್ಲಿಷರ ರೀತಿ: ಕುದಿದ ನೀರನ್ನು ಎಲೆಗೆ ಸುರಿಯಿರಿ, ಐದು ನಿಮಿಷ ಬಿಡಿ, ಹಾಲು ಸಕ್ಕರೆ ಆಮೇಲೆ ಬೆರೆಸಿ. ಗಾಂಧೀಜಿ, ಬಂಗಾಳದ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಇಬ್ಬರೂ ಟೀ ಬೇಡ ಅಂತ ಬರೆದರು. ಜನ ಟೀ ಕುಡಿಯುವುದನ್ನು ಬಿಡಲಿಲ್ಲ, ಫಲಕ ಹೇಳಿದಂತೆಯೂ ಮಾಡಲಿಲ್ಲ. ಸಿಕ್ಕಿದ್ದು ಪುಡಿ. ಮನೆಯಲ್ಲಿ ಹಾಲಿತ್ತು, ಬೆಲ್ಲವೋ ಸಕ್ಕರೆಯೋ ಇತ್ತು, ಕಷಾಯಕ್ಕೆ ಶುಂಠಿ, ಏಲಕ್ಕಿ ಕುದಿಸಿ ಗೊತ್ತಿತ್ತು. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರು. ಕಡಿಮೆ ಪುಡಿಯಲ್ಲಿ ಜಾಸ್ತಿ ರಸ ಇಳಿಸುವ ಜಾಣತನ ಅದು.

ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗೆ ಒಂದು ಯಂತ್ರ ಬಂತು. 1930ರ ಹೊತ್ತಿಗೆ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬ ಮ್ಯಾನೇಜರ್ ರೂಪಿಸಿದ್ದು. ಹಲ್ಲಿರುವ ಎರಡು ಉರುಳೆಗಳು ಎದುರುಬದುರು, ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಬಾಡಿದ ಎಲೆ ನಡುವೆ ಸಿಕ್ಕಿ ಜಜ್ಜಿ, ಹರಿದು, ಸಣ್ಣ ಕಾಳಾಗಿ ಸುತ್ತಿಕೊಳ್ಳುತ್ತದೆ. ಇದೇ ಸಿಟಿಸಿ, ಅಂದರೆ ಕ್ರಷ್, ಟೇರ್, ಕರ್ಲ್. ನಿಮ್ಮ ಡಬ್ಬಿಯ ಟೀ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿ. ಸಾಸಿವೆ, ರಾಗಿ ಗಾತ್ರದ ಗಟ್ಟಿ ಕಾಳು. ಅದು ಒಣಗಿದ ಎಲೆಯ ಚೂರಲ್ಲ, ಎಲೆಯನ್ನು ರಸಸಮೇತ ಅರೆದು ಉಂಡೆ ಕಟ್ಟಿದ್ದು. ನೀರು ಮುಟ್ಟಿದೊಡನೆ ಬಣ್ಣ ಬಿಡುತ್ತದೆ, ಖಡಕ್ ಆಗುತ್ತದೆ. ಒಗರನ್ನು ಹಾಲಿನ ಪ್ರೋಟೀನು ಹಿಡಿದಿಡುತ್ತದೆ. ಇವತ್ತು ಭಾರತ ವರ್ಷಕ್ಕೆ ಸುಮಾರು 130 ಕೋಟಿ ಕೆಜಿ ಟೀ ಮಾಡುತ್ತದೆ. ಹೆಚ್ಚಿನದು ಸಿಟಿಸಿ. ನೂರರಲ್ಲಿ 80 ಪಾಲಿನಷ್ಟು ನಾವೇ ಕುಡಿಯುತ್ತೇವೆ.

ಹಾಲಿನಲ್ಲಿ ಕುದಿಸುವುದು ಒರಟು ರೀತಿ, ಟೀ ತಿಳಿಯದವರ ಕೆಲಸ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಸಿಟಿಸಿ ಪುಡಿಗೆ ಅದೇ ಸರಿಯಾದ ರೀತಿ. ಆ ಪುಡಿಯನ್ನು ಬರೀ ನೀರಲ್ಲಿ ಐದು ನಿಮಿಷ ನೆನೆಸಿ ಕುಡಿದು ನೋಡಿ, ಗಂಟಲು ಹಿಡಿಯುತ್ತದೆ.

ದಕ್ಷಿಣದ ಕಥೆ ಬೇರೆ. ನೀಲಗಿರಿಯಲ್ಲಿ ಟೀ ಬೇರೂರಿತು. ಶ್ರೀಲಂಕಾದಲ್ಲಿ 1869ರ ನಂತರ ಎಲೆ ತುಕ್ಕು ರೋಗ ಕಾಫಿಯನ್ನು ತಿಂದುಹಾಕಿದ್ದರಿಂದ ಅಲ್ಲಿನವರು ಟೀಗೆ ಹೊರಳಿದರು. ಕೊಡಗು, ಚಿಕ್ಕಮಗಳೂರಿನಲ್ಲಿ ಮರದ ನೆರಳಿನ ಕಾಫಿಯೇ ನಿಂತಿತು. ಹಾಗಾಗಿ ಕರ್ನಾಟಕದಲ್ಲಿ ಟೀ ತೋಟ ಬಹಳ ಕಡಿಮೆ. ಕೊಟ್ಟಿಗೆಹಾರದಿಂದ ಕಳಸ, ಕುದುರೆಮುಖದ ಕಡೆ ಹೋಗುವಾಗ ಕೆಳಗೂರು, ಸಂಸೆ ಸುತ್ತ ಕಾಫಿ ನಡುವೆ ಇದ್ದಕ್ಕಿದ್ದಂತೆ ಹಾಸಿಗೆ ಹಾಸಿದ ಹಾಗೆ ಟೀ ಗುಡ್ಡ ಕಾಣುತ್ತದಲ್ಲ, ಅದು. ಇನ್ನೊಂದು ಕೊಡಗಿನ ಗ್ಲೆನ್‌ಲೋರ್ನಾ.

ಆದರೆ ನೀಲಗಿರಿಯ ಟೀಗೂ ಕನ್ನಡಕ್ಕೂ ಹತ್ತಿರದ ನಂಟಿದೆ. ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಬಹಳಷ್ಟು ಜನ ಬಡಗರು. ಬಡಗ ಅಂದರೇ ಉತ್ತರದವನು. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ, ಅವರ ಊರುಗಳು ಹಟ್ಟಿಗಳು. ಆಲೂಗಡ್ಡೆ, ಕೋಸು ಬೆಳೆಯುತ್ತಿದ್ದವರು ಬರಬರುತ್ತ ಟೀ ಹಾಕಿದರು. ಅವರದು ಒಂದೆರಡು ಎಕರೆ, ಸ್ವಂತ ಕಾರ್ಖಾನೆ ಇಲ್ಲ. ಕಿತ್ತ ಹಸಿರೆಲೆಯನ್ನು ಅವತ್ತೇ ಮಾರಬೇಕು, ಇಟ್ಟರೆ ಕೆಡುತ್ತದೆ. ದರ ಹೇಳುವವನು ಕೊಳ್ಳುವವನು. 1960ರ ದಶಕದಲ್ಲಿ ಸಹಕಾರಿ ಕಾರ್ಖಾನೆಗಳು ಬಂದವು, ಇಂಡ್ಕೋಸರ್ವ್ ಅವುಗಳ ಒಕ್ಕೂಟ. ಆದರೂ 1990ರ ದಶಕದ ಕೊನೆಯಲ್ಲಿ ದರ ಕುಸಿದಾಗ ಮನೆ ಮನೆಗೂ ಪೆಟ್ಟು ಬಿತ್ತು. ಹಸಿರೆಲೆಗೆ ನ್ಯಾಯವಾದ ಬೆಲೆ ಬೇಕು ಎಂಬ ಕೂಗು ಇನ್ನೂ ನಿಂತಿಲ್ಲ. ಒಂದು ಕೆಜಿ ಟೀ ಪುಡಿಗೆ ನಾಲ್ಕೂವರೆ ಕೆಜಿಯಷ್ಟು ಹಸಿರೆಲೆ ಬೇಕು. ದೇಶದ ಟೀಯಲ್ಲಿ ಸುಮಾರು ಅರ್ಧ ಈಗ ಇಂಥ ಸಣ್ಣ ಬೆಳೆಗಾರರದ್ದೇ. ಅಂಗಡಿಯಲ್ಲಿ ಪೊಟ್ಟಣದ ಬೆಲೆ ನೋಡುವಾಗ ಈ ಲೆಕ್ಕ ನೆನಪಿಗೆ ಬರುತ್ತದೆ.

ಗೆಳೆಯ ತಂದ ಪೊಟ್ಟಣದಲ್ಲಿ ಇನ್ನೂ ಎಲೆ ಉಳಿದಿತ್ತು. ಈ ಸಲ ನೀರು ಕುದಿಸಿ, ಒಲೆ ಆರಿಸಿ, ಒಂದು ನಿಮಿಷ ಬಿಟ್ಟೆ. ಒಂದು ಲೋಟ ನೀರಿಗೆ ಒಂದು ಚಮಚ ಎಲೆ. ಮುಚ್ಚಿ ಮೂರು ನಿಮಿಷ. ಹಾಲಿಲ್ಲ, ಸಕ್ಕರೆ ಇಲ್ಲ. ಎಳೆ ಜೇನಿನ ಬಣ್ಣ ಬಂತು, ಹಣ್ಣಿನ ಹಾಗೆ ಒಂದು ಘಮ. ಹಸಿರು ಟೀಗಾದರೆ ನೀರು ಇನ್ನೂ ಆರಬೇಕು, 75ರಿಂದ 80 ಡಿಗ್ರಿ, ಎರಡು ನಿಮಿಷ ಸಾಕು. ಹಸಿರು ಟೀ ಕಹಿ ಅಂತ ಮೂಗು ಮುರಿಯುವವರಲ್ಲಿ ಬಹಳ ಜನ ಅದಕ್ಕೆ ಕುದಿಯುವ ನೀರು ಹಾಕಿರುತ್ತಾರೆ. ಊಲಾಂಗ್ ಎಲೆಯನ್ನು ಒಂದೇ ಸಲಕ್ಕೆ ಚೆಲ್ಲಬೇಡಿ, ಮೂರು ನಾಲ್ಕು ಸಲ ನೀರು ಹಾಕಬಹುದು, ಪ್ರತಿ ಸಲವೂ ರುಚಿ ಬೇರೆ.

ಸಂಜೆ ನಾಲ್ಕಕ್ಕೆ ಮಾತ್ರ ಮನೆಯಲ್ಲಿ ಸಿಟಿಸಿ ಪುಡಿಯೇ. ಮೊದಲು ನೀರಲ್ಲಿ ಶುಂಠಿ, ಆಮೇಲೆ ಪುಡಿ, ಎರಡು ನಿಮಿಷ ಕುದಿದ ಮೇಲೆ ಹಾಲು. ಉಕ್ಕು ಬಂದಾಗ ಉರಿ ತಗ್ಗಿಸಿ, ಮತ್ತೆ ಏರಿಸಿ, ಮೂರನೇ ಉಕ್ಕಿಗೆ ಇಳಿಸುತ್ತೇನೆ.